ಮೀನತ್ತೆಯೂ ನನ್ನ ಬಾಯಿಯೂ

ಆಕೆಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹುಡುಗಿಯಾಗಿದ್ದಾಗ ಶಿಂಷಾ ಹೊಳೆಯಲ್ಲಿ ಬಾಳೆ ಮೀನೊಂದು ಕಚ್ಚಿ ಕಿತ್ತುಕೊಂಡು ಹೋಗಿತ್ತಂತೆ. ಆ ಬೋಳು ಬೆರಳನ್ನು ಮೀನಿನ ಕಿವಿರಿನೊಳಗೆ ತೂರಿಸಿ, ಎತ್ತಿ, ಒಂದು ಸಲ ಕಣ್ಣು ಹಾಯಿಸಿದಳೆಂದರೆ ಮುಗಿಯಿತು. ನೀರು ಬಿಟ್ಟು ಎಷ್ಟು ಹೊತ್ತಾಗಿದೆ, ಕೆರೆಯದೋ ಹೊಳೆಯದೋ, ಬಲೆಯಲ್ಲೇ ಸತ್ತದ್ದೋ ಮಂಕರಿಗೆ ಬಿದ್ದ ಮೇಲೆ ಸತ್ತದ್ದೋ, ಎಲ್ಲ ಹೇಳಿಬಿಡುತ್ತಿದ್ದಳು. ನಾನು ಪರೀಕ್ಷೆ ಮಾಡಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಒಮ್ಮೆ ಮದ್ದೂರಿನ ಹೊಳೆಯ ಗೆಂಡೆಯನ್ನು ತಂದು, ನಮ್ಮ ಕೆರೆಯದೇ ಅತ್ತೆ ಎಂದು ಸುಳ್ಳು ಹೇಳಿ ಮುಂದಿಟ್ಟೆ. ಮೂಸಿಯೂ ನೋಡಲಿಲ್ಲ ಮಹರಾಯಿತಿ. ಇದು ಹರಿಯೋ ನೀರು ಕುಡಿದದ್ದು, ನಿನ್ನ ಹಾಗೆ ಕೆರೆ ಗೋಡು ತಿಂದು ಬೆಳೆದದ್ದಲ್ಲ ಅಂದು ಪಕ್ಕಕ್ಕೆ ಸರಿಸಿದಳು.

ನಮ್ಮೂರು ಹನಕೆರೆ ಸ್ಟೇಷನ್ನಿನಿಂದ ಒಂದು ಗಂಟೆಯ ನಡಿಗೆ. ಊರ ಕೆರೆಯ ಕೋಡಿಯ ಕಡೆ ಬೆಸ್ತರ ಹನ್ನೆರಡು ಮನೆ. ಅವಳು ಆ ಮನೆಗಳಿಗೆಲ್ಲ ಹಿರಿಯಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರೆಲ್ಲ ಅವಳನ್ನು ಮೀನತ್ತೆ ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಅವಳು ಬಿಡುತ್ತಾಳೆಯೇ, ನನ್ನನ್ನು ಅಳಿಯ ಅನ್ನುತ್ತಿದ್ದಳು. ಗೌಡರ ಮನೆಯ ಮಗನನ್ನು ನಡುಬೀದಿಯಲ್ಲಿ "ಏನಳಿಯಾ, ಮಾವನ ಮನೆ ಮರ್ತೆಯಾ" ಅಂತ ಕರೆಯುವ ಧೈರ್ಯ ನಮ್ಮೂರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಆ ಹನ್ನೆರಡು ಮನೆಗೆ ಹೊಲವಿಲ್ಲ, ಗದ್ದೆಯಿಲ್ಲ. ಬೇಸಿಗೆಯಲ್ಲಿ ಕೆರೆ ಇಳಿದಾಗ ಹಿಡಿದ ಮೀನಿನಿಂದಲೇ ಅವರ ವರ್ಷದ ರಾಗಿ. ಆದರೆ ಕೆರೆ ಸರ್ಕಾರದ್ದು. ಪ್ರತಿ ಬೇಸಿಗೆ ಕಂದಾಯದ ಶೇಕ್ದಾರರು ಬಂದು ಏರಿಯ ಮೇಲಿನ ಹೊಂಗೆ ಮರದ ಕೆಳಗೆ ಕೂತು, ಆ ವರ್ಷದ ಮೀನನ್ನು ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಹೆಂಗಸು ಕೂಗುವಂತಿಲ್ಲ. ಮೀನತ್ತೆ ದೂರದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದಳು, ಅವಳ ಮೈದುನ ಅವಳ ಮುಖ ನೋಡಿ ಕೂಗುತ್ತಿದ್ದ. ಊರವರು ಯಾರೂ ಎದುರು ಕೂಗುತ್ತಿರಲಿಲ್ಲ. ಹನ್ನೆರಡು ಮನೆಯ ಅನ್ನಕ್ಕೆ ಅಡ್ಡ ಬರಬಾರದು ಅನ್ನುವುದು ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು.

ಅದನ್ನು ಮುರಿದ ಮಹಾನುಭಾವ ನಾನೇ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ ಅದು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಪಕ್ಕದೂರಿನ ಪಟೇಲರ ಮಗನಿಗೂ ನನಗೂ ಗರಡಿ ಮನೆಯ ಕಾಲದಿಂದ ಎಣ್ಣೆ ಸೀಗೆಕಾಯಿ. ಅವನು ಎಲ್ಲಿಗೋ ಹೋಗುತ್ತಿದ್ದವನು ಏರಿಯ ಮೇಲೆ ಜನ ಕಂಡು ನಿಂತ. ನನ್ನನ್ನು ನೋಡಿ ಮೀಸೆ ತಿರುವಿ, ಸುಮ್ಮನೆ ತಮಾಷೆಗೆ ಒಂದು ಕೂಗು ಹಾಕಿದ. ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮೂರ ಕೆರೆಯನ್ನು ಇವನು ಕೂಗುವುದೇ! ನಾನು ಅದರ ಮೇಲೆ ಕೂಗಿದೆ. ಅವನು ಮತ್ತೆ ಕೂಗಿದ. ನಾನು ಎದ್ದು ನಿಂತೆ. ಮೀನತ್ತೆಯ ಮೈದುನ ಪಾಪ ಅತ್ತ ಅವಳ ಮುಖ, ಇತ್ತ ನಮ್ಮಿಬ್ಬರ ಮುಖ ನೋಡುತ್ತಾ ಬಾಯಿ ಮುಚ್ಚಿಕೊಂಡ. ಪಟೇಲರ ಮಗ ನನ್ನನ್ನು ಮಾಳಿಗೆವರೆಗೂ ಹತ್ತಿಸಿ ಏಣಿ ತೆಗೆದ. ತಳವಾರ ಮೂರು ಸಲ ಕೂಗಿದ. ಕೆರೆಯ ಮೀನು ನನ್ನದಾಯಿತು.

ಗೆದ್ದೆ ಅನ್ನುವ ಹುಮ್ಮಸ್ಸು ಏರಿ ಇಳಿಯುವವರೆಗೂ ಇತ್ತು. ಮನೆಗೆ ಹೋದರೆ ಅಪ್ಪ ಚಾವಡಿಯಲ್ಲಿ ನಿಂತಿದ್ದರು. ನಮ್ಮ ವಂಶದಲ್ಲಿ ಮೀನು ತಿಂದವರಿದ್ದಾರೆ, ಮಾರಿದವರಿಲ್ಲ, ಈಗ ಅದೂ ಆಯಿತಲ್ಲ ಅಂದರು. ಕೆರೆಯ ನೀರು ದಿನದಿನಕ್ಕೆ ಇಳಿಯುತ್ತಿತ್ತು. ನನಗೆ ಬಲೆ ಬೀಸಲು ಬಾರದು, ಮಾರಲು ಬಾರದು, ಕೊರವ ಯಾವುದು ಚೇಳುಮೀನು ಯಾವುದು ಅಂತ ಸಾರಿನಲ್ಲಿ ಬೆಂದ ಮೇಲೆ ಗೊತ್ತೇ ಹೊರತು ಜೀವಂತ ಗೊತ್ತಿಲ್ಲ. ನಾಚಿಕೆ ಬಿಟ್ಟು ಕೋಡಿಯ ಕಡೆ ಹೋದೆ.

ಮೀನತ್ತೆ ಬಲೆ ಹೆಣೆಯುತ್ತಿದ್ದಳು. ಕೂತುಕೋ ಅನ್ನಲಿಲ್ಲ. ನಾನು ಅತ್ತೆ ಅಂದೆ, ತಪ್ಪಾಯಿತು ಅಂದೆ, ಇನ್ನೇನೇನೋ ಅಂದೆ. ಒಂದು ಮಾರು ಬಲೆ ಮುಗಿದ ಮೇಲೆ ತಲೆ ಎತ್ತಿದಳು.

"ನೀನು ಕೂಗಿದ್ದು ಮೀನಿಗಲ್ಲ ಕಣಪ್ಪ, ಅವನ ಮೀಸೆಗೆ. ಓಗು, ಅದ್ನೇ ಬೇಯಿಸ್ಕಂಡು ಉಣ್ಣು."

ನನ್ನ ಜೀವಮಾನದಲ್ಲಿ ಅಷ್ಟು ನಿಜವಾದ ಮಾತನ್ನು ನನ್ನ ಮುಖದ ಮೇಲೆ ಯಾರೂ ಹೇಳಿರಲಿಲ್ಲ. ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತೆ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಹಿಡಿಯುವುದು ಅವರು, ಅರ್ಧ ಅವರಿಗೆ. ಮಾರುವುದಕ್ಕೆ ನಾನೂ ಬರಬೇಕು. ಗಾಡಿಯಲ್ಲಿ ಕೂತಲ್ಲ, ತಲೆಯ ಮೇಲೆ ಮಂಕರಿ ಹೊತ್ತು. ಒಪ್ಪದೆ ಏನು ಮಾಡಲಿ? ಅಪ್ಪ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಮಂಕರಿಯ ನೀರು ಕಿವಿಯ ಹಿಂದಿನಿಂದ ಇಳಿದು ಬೆನ್ನಿನಗುಂಟ ಹರಿಯುವಾಗ ಆ ಎರಡು ತಿಂಗಳು ನಾನು ಕಂಡ ಸಂಭ್ರಮ ಮಾತ್ರ ಯಾವ ಗೌಡಿಕೆಯಲ್ಲೂ ಕಾಣಲಿಲ್ಲ.

ಅಯ್ಯೋ, ಏನು ಲೋಕ ಅದು! ಒಂದೇ ಕೆರೆಯ ಒಂದೇ ಮೀನು ಒಂದೊಂದು ಕಡೆ ಒಂದೊಂದು ಬೆಲೆಗೆ ಹೋಗುತ್ತಿತ್ತು. ಹಳ್ಳಿಯ ಬೀದಿಯಲ್ಲಿ ದುಡ್ಡಿನ ಮಾತೇ ಇಲ್ಲ. ಹೆಂಗಸರು ಮೊರದಲ್ಲಿ ರಾಗಿ ತರುತ್ತಿದ್ದರು, ಮೀನತ್ತೆ ರಾಗಿಯನ್ನು ಅಂಗೈಗೆ ಹಾಕಿ ಊದಿ ನೋಡಿ, ಅದಕ್ಕೆ ತಕ್ಕಷ್ಟು ಮೀನು ಹಾಕುತ್ತಿದ್ದಳು. ಹೊಸ ರಾಗಿಗೆ ಒಂದು ಲೆಕ್ಕ, ಹುಳ ಬಿದ್ದ ರಾಗಿಗೆ ಇನ್ನೊಂದು. ಮನೆಯಲ್ಲಿ ಬಾಣಂತಿ ಇದ್ದಾಳೆಂದು ಗೊತ್ತಾದರೆ ನೀರಿನ ಗಡಿಗೆಯಿಂದ ಜೀವಂತ ಕೊರವ ತೆಗೆದು ಕೊಟ್ಟು, ಮೊರದ ಕಡೆ ನೋಡದೆ ಮುಂದಕ್ಕೆ ನಡೆಯುವಳು. ಅವರು ಎಷ್ಟು ಸುರಿದರೆ ಅಷ್ಟು. ಬಾಣಂತಿಗೆ ಬೆಲೆ ಹೇಳಬಾರದು ಅನ್ನುತ್ತಿದ್ದಳು.

ಮಂಡ್ಯದಲ್ಲಿ ಬೇರೆಯೇ ಕಥೆ. ಅಲ್ಲಿ ಸಂಬಳದವರು ಜಾಸ್ತಿ, ಅವರಿಗೆ ಎಲ್ಲ ತೂಕದಲ್ಲೇ ಆಗಬೇಕು. ಮಾರ್ಕೆಟ್ಟಿನಲ್ಲಿ ಬಾಡಿಗೆಗೆ ತಕ್ಕಡಿ ತಂದು ತೂಗಬೇಕಾಗಿತ್ತು. ಮೀನತ್ತೆಗೆ ತಕ್ಕಡಿ ಕಂಡರೆ ಆಗುತ್ತಿರಲಿಲ್ಲ. ನಿನ್ನೆಯ ಮೀನೂ ಇವತ್ತಿನ ಮೀನೂ ಅದರಲ್ಲಿ ಒಂದೇ ಆಗಿಬಿಡುತ್ತದೆ ಅಂತ ಅವಳ ಸಿಟ್ಟು. "ತಕ್ಕಡಿಗೆ ಕಿವಿರು ಎತ್ತಿ ನೋಡಾಕೆ ಬತ್ತದಾ?" ಅಂತ ಒಬ್ಬ ಗುಮಾಸ್ತರನ್ನು ಕೇಳಿದಾಗ ಅವರು ಪಾಪ ನನ್ನ ಮುಖ ನೋಡಿದ್ದರು.

ಮಳವಳ್ಳಿಯ ಸಂತೆಗೆ ಹೋದರೆ ಸಮುದ್ರದ ಒಣ ಮೀನು. ಎಲ್ಲಿಂದಲೋ ಮೂಟೆಮೂಟೆಯಾಗಿ ಬರುತ್ತಿತ್ತು. ಕೆರೆ ತುಂಬಿರುವ ಕಾಲದಲ್ಲಿ ಮಾರಲು ಅವಳು ಅದನ್ನು ಬೇಸಿಗೆಯಲ್ಲೇ ಕೊಂಡಿಡುತ್ತಿದ್ದಳು. ಅಲ್ಲಿ ಯಾರೂ ಬಾಯಿ ಬಿಟ್ಟು ಬೆಲೆ ಹೇಳುತ್ತಿರಲಿಲ್ಲ. ದಲ್ಲಾಳಿಯೂ ಅವಳೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು, ಬೆರಳು ಒತ್ತಿ, ಬೆರಳು ಬಿಟ್ಟು, ಕಣ್ಣಿನಲ್ಲೇ ಜಗಳ ಆಡಿ, ಒಮ್ಮೆಲೇ ನಕ್ಕು ಕೈ ಬಿಡುತ್ತಿದ್ದರು. ನನಗೂ ಆಸೆಯಾಯಿತು. ಒಂದು ಸಲ ನಾನೂ ಕೈ ಹಾಕುತ್ತೇನೆ ಅತ್ತೆ ಅಂದೆ. ಬೇಡ, ನಿನ್ನ ಬೆರಳಿಗೂ ಬಾಯಿದೆ ಅಂದಳು.

ಹಾಗೆ ಅನ್ನಲು ಕಾರಣವಿತ್ತು. ಅದಕ್ಕೆ ಹಿಂದೆ ಮದ್ದೂರಿನ ಸಂತೆಯಲ್ಲಿ ನಾನು ಮಾಡಿದ ಘನಕಾರ್ಯ ಹೇಳಲೇಬೇಕು. ಮದ್ದೂರಿನಲ್ಲಿ ಮೀನನ್ನು ಗುಡ್ಡೆ ಹಾಕಿ ಮಾರುತ್ತಿದ್ದರು. ಹತ್ತು ಹದಿನೈದು ಜನ ಹೆಂಗಸರು ಸಾಲಾಗಿ ಕೂರುತ್ತಿದ್ದರು. ಸಾಲಿನಲ್ಲಿ ಯಾರು ಹಿರಿಯಳೋ ಅವಳು ಬೋಣಿ ಮಾಡಬೇಕು. ಅಂದರೆ ದಿನದ ಮೊದಲ ಗುಡ್ಡೆ ಅವಳದು, ಅದು ಹೋದ ಬೆಲೆಯೇ ಸಾಲಿಗೆಲ್ಲ ಆವತ್ತಿನ ಬೆಲೆ. ಅಲ್ಲಿಯವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಇದು ನನಗೆ ಗೊತ್ತಿಲ್ಲ. ಮೊದಲ ದಿನ, ತಲೆಯಿಂದ ಮಂಕರಿ ಇಳಿಸಿ ಇನ್ನೂ ಬೆವರು ಒರೆಸಿಕೊಂಡಿಲ್ಲ, ಯಾರೋ ಬಂದು ಗುಡ್ಡೆ ಎಷ್ಟಪ್ಪ ಅಂದರು. ಗಿರಾಕಿ ಬಂದನಲ್ಲ ಅನ್ನುವ ಖುಷಿಗೆ ಬಾಯಿಗೆ ಬಂದ ಬೆಲೆ ಕೂಗಿಬಿಟ್ಟೆ. ಅದೂ ಅರ್ಧಕ್ಕರ್ಧ ಕಡಿಮೆ.

ಸಾಲಿಗೆ ಸಾಲೇ ನನ್ನ ಮೇಲೆ ಎದ್ದಿತು. ಆ ಹೆಂಗಸರು ಬೈದ ಬೈಗುಳಗಳಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದದ್ದನ್ನು ಬರೆಯುವ ಹಾಗಿಲ್ಲ. ಮೀನತ್ತೆ ಮಾತ್ರ ಆ ಗಿರಾಕಿಗೆ ನಾನು ಹೇಳಿದ ಬೆಲೆಗೇ ಒಂದು ಗುಡ್ಡೆ ಕೊಟ್ಟು ಕಳಿಸಿದಳು. ಬಾಯಿಂದ ಬಿದ್ದ ಬೆಲೆ ಒಂದು ಗುಡ್ಡೆಗಾದರೂ ನಡೆಯಬೇಕಂತೆ. ಆಮೇಲೆ ಎದ್ದು, ಮಿಕ್ಕ ಮೀನಿನ ಮೇಲೆ ಒದ್ದೆ ಗೋಣಿ ಎಳೆದು ಮುಚ್ಚಿದಳು. ಸಾಲಿನವರೆಲ್ಲ ಅವಳನ್ನು ನೋಡಿ ತಮ್ಮತಮ್ಮ ಮಂಕರಿ ಮುಚ್ಚಿದರು.

ಗಿರಾಕಿಗಳು ಬಂದರು. ಮೀನು ಇಲ್ಲವಾ ಅಂದರು. ಯಾರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಿಸಿಲು ಏರುತ್ತಿತ್ತು, ಮೀನು ಕೊಳೆತರೆ ಏನು ಗತಿ ಅಂತ ಅವಳ ಸೆರಗು ಜಗ್ಗಿದೆ. ಅವಳು ಅಡಿಕೆ ಕತ್ತರಿಸುತ್ತಾ ಕೂತಿದ್ದಳು. ಮೀನು ಇದೆಯೋ ಇಲ್ಲವೋ ಅನ್ನುವುದೇ ತಿಳಿಯದೆ ಜನಕ್ಕೆ ತಡೆಯಲಾಗಲಿಲ್ಲ. ಮುತ್ತಿಕೊಂಡರು. ತಾವೇ ಬೆಲೆ ಹೇಳತೊಡಗಿದರು, ಒಬ್ಬರ ಮೇಲೊಬ್ಬರು. ಆಗ ಸಾಲಿನ ಹಿರಿಯಳಾದ ಮುದುಕಿ ತನ್ನ ಮಂಕರಿಯ ಗೋಣಿ ಎತ್ತಿದಳು. ಆವತ್ತು ಮಧ್ಯಾಹ್ನಕ್ಕೆಲ್ಲ ಮಂಕರಿ ಖಾಲಿ. ನಾನು ಸಂತೆಯ ನಡುವೆ ಕುಣಿಯುವುದೊಂದು ಬಾಕಿ.

ವಾಪಸು ಬರುವಾಗ ರೈಲಿನಲ್ಲಿ ಹೇಳಿದಳು: "ಬೆಲೆ ಕೂಗೋದ ಎಲ್ರೂ ಕಲೀತಾರೆ ಅಳಿಯ. ಕೂಗ್ದೆ ಇರೋದ ಕಲಿ."

ಕಲಿತೆನೇ? ಎಲ್ಲಿಯ ಮಾತು. ಮುಂದಿನ ವರ್ಷದಿಂದ ಕೆರೆಯನ್ನು ಮತ್ತೆ ಹನ್ನೆರಡು ಮನೆಯವರೇ ಕೂಗಿಕೊಂಡರು, ನಾನು ಅಡ್ಡ ಹೋಗಲಿಲ್ಲ. ಆದರೆ ಮೀನಿನ ಹುಚ್ಚು ಹತ್ತಿಬಿಟ್ಟಿತ್ತು. ಬಲೆ ಎಳೆಯುವ ದಿನ ಏರಿಯ ಮೇಲೆ ನಿಂತು ಕೂಗಾಡುವುದು, ತೂಬಿನ ಹತ್ತಿರ ಕೊರವ ಹಾರಿದರೆ ಊರಿಗೆಲ್ಲ ಸಾರುವುದು, ಈ ವರ್ಷ ಮೀನು ಇಷ್ಟಿದೆ ಅಷ್ಟಿದೆ ಅಂತ ಹನಕೆರೆ ಸ್ಟೇಷನ್ನಿನಲ್ಲಿ ಕಂಡಕಂಡವರಿಗೆ ಹೇಳುವುದು. ನನ್ನ ಬಾಯಿ ಹೋಬಳಿಗೆಲ್ಲ ಪ್ರಸಿದ್ಧಿಯಾಯಿತು.

ಯುದ್ಧದ ವರ್ಷಗಳಲ್ಲಿ ಪಟೇಲರ ಮಗ ಕಂಟ್ರಾಕ್ಟು ಹಿಡಿದು ಬಲಿತ. ಒಂದು ಲಾರಿ ಕೊಂಡ. ಯುದ್ಧ ಮುಗಿದ ಮೇಲೆ ಸುತ್ತಮುತ್ತಲ ಕೆರೆಗಳನ್ನು ಒಂದೊಂದಾಗಿ ಹರಾಜಿನಲ್ಲಿ ಹಿಡಿದು, ಕೂಲಿಯವರಿಂದ ಬಲೆ ಹಾಕಿಸಿ, ಮೀನನ್ನು ಲಾರಿಯಲ್ಲಿ ಮೈಸೂರಿಗೆ ಸಾಗಿಸತೊಡಗಿದ. ಅವನು ಹಿಡಿದ ಕೆರೆಯ ಬೆಸ್ತರು ಅದೇ ಕೆರೆಯಲ್ಲಿ ಅವನಿಗೆ ಕೂಲಿಗೆ ಬಲೆ ಎಳೆಯುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ ಅವನ ಕಣ್ಣು ನಮ್ಮ ಕೆರೆಯ ಮೇಲೆ ಬಿತ್ತು. ಹನ್ನೆರಡು ಮನೆಯವರು ಎಷ್ಟು ಕೂಗಿದರೂ ಅವನು ಅದರ ಮೇಲೆ ಕೂಗಬಲ್ಲವನಾಗಿದ್ದ. ಕೋಡಿಯ ಕಡೆ ಯಾರ ಮನೆಯಲ್ಲೂ ಸರಿಯಾಗಿ ಒಲೆ ಉರಿಯಲಿಲ್ಲ.

ಆ ಹೊತ್ತಿಗೆ ಮೀನತ್ತೆ ಕಾಲು ಊದಿ ಹಾಸಿಗೆ ಹಿಡಿದಿದ್ದಳು. ಹರಾಜಿನ ಹಿಂದಿನ ದಿನ ನನ್ನನ್ನು ಕರೆಸಿದಳು. ನಾಳೆ ಹೊಂಗೆ ಮರದ ಕೆಳಗೆ ಎಲ್ಲರಿಗಿಂತ ಮುಂದೆ, ಅವನಿಗೆ ಕಾಣುವ ಹಾಗೆ ಕೂತುಕೋ, ಏನೇ ಆದರೂ ಬಾಯಿ ಬಿಡಬೇಡ ಅಂದಳು. ಅಷ್ಟೇನಾ ಅತ್ತೆ ಅಂದೆ. "ಅಷ್ಟ ಮಾಡು ನೋಡವ" ಅಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರನೆಯ ದಿನ ಶೇಕ್ದಾರರು ಬಂದರು. ಹರಾಜಿನ ಪದ್ಧತಿ ಏನೆಂದರೆ, ಮೊದಲು ಸರ್ಕಾರದ ಕಡೆಯಿಂದ ಒಂದು ಮೊತ್ತ ಹೇಳುತ್ತಾರೆ. ಅಷ್ಟಕ್ಕೆ ಯಾರೂ ಮುಂದೆ ಬಾರದಿದ್ದರೆ ಹರಾಜು ಎಂಟು ದಿನ ಮುಂದಕ್ಕೆ ಹೋಗುತ್ತದೆ, ಆಗ ಮೊತ್ತ ಇಳಿಯುತ್ತದೆ. ತಳವಾರ ಮೊತ್ತ ಕೂಗಿದ. ಪಟೇಲರ ಮಗ ಹನ್ನೆರಡು ಮನೆಯ ಗಂಡಸರ ಕಡೆ ನೋಡಿದ. ಅವರು ತಲೆ ಬಗ್ಗಿಸಿ ಹೊಗೆಸೊಪ್ಪು ತಿಕ್ಕುತ್ತಿದ್ದರು. ಅವನಿಗೆ ಆಶ್ಚರ್ಯ. ಕೆರೆಯ ನೀರು ನೋಡಿದ, ಮತ್ತೆ ಅವರನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಏನ್ಲಾ ಗೌಡ, ಈ ವರ್ಸ ಮೀನು ಬ್ಯಾಡ್ವಾ? ಬಾಯಿ ಬಿದ್ದೋಯ್ತಾ?"

ದೇವರೇ, ಆವತ್ತು ನಾನು ಪಟ್ಟ ಪಾಡು! ಆ ವರ್ಷ ಕೆರೆಯಲ್ಲಿ ಮೀನು ಹೇಗಿತ್ತು ಅಂತೀರಿ. ಬೆಳಿಗ್ಗೆ ತಾನೆ ತೂಬಿನ ಬಳಿ ನನ್ನ ಮೊಳಕೈಯುದ್ದದ ಕೊರವ ಹಾರಿದ್ದನ್ನು ಕಣ್ಣಾರೆ ಕಂಡು ಬಂದಿದ್ದೆ. ಅದು ಹೊಟ್ಟೆಯೊಳಗಿಂದ ಗಂಟಲವರೆಗೆ ಬಂದು ನಿಂತಿತ್ತು. ಅವನು ಮೀಸೆ ತಿರುವಿದ. ನಮ್ಮಪ್ಪನನ್ನು ಎತ್ತಿ ಆಡಿದ. ಗರಡಿಯಲ್ಲಿ ನಾನು ಬಿದ್ದದ್ದನ್ನು ಎಲ್ಲರಿಗೂ ವಿವರಿಸಿದ. ನಾನು ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ನೆಲ ನೋಡುತ್ತಾ ಕೂತೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಡುವೆ ಕೆರೆಯಲ್ಲಿ ದೊಪ್ಪನೆ ಸದ್ದಾಯಿತು, ಮೀನು ಹಾರಿದ್ದೇ. ಅವನು ತಿರುಗುವಷ್ಟರಲ್ಲಿ ನೀರಿನ ಸುಳಿ ಮಾತ್ರ ಉಳಿದಿತ್ತು. ನನ್ನ ಮುಖ ನೋಡಿದ. ನಾನು ಎಲೆ ಅಡಿಕೆ ಉಗಿದು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದೆ.

ಅವನ ಮುಖದಲ್ಲಿ ಅನುಮಾನ ಬಂತು. ಹೊತ್ತುಗೊತ್ತಿಲ್ಲದೆ ಕೂಗುವ ಈ ಗೌಡನೇ ಸುಮ್ಮನಿದ್ದಾನೆ, ಬೆಸ್ತರೂ ಸುಮ್ಮನಿದ್ದಾರೆ, ಇದರಲ್ಲಿ ಮೀನೆಲ್ಲಿದೆ ಅಂತ ಜೊತೆಯವನ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು. ಲಾರಿ ಹತ್ತಿ ಹೋದ. ಮೂರನೆಯ ದಿನಕ್ಕೆ ಕಿರುಗಾವಲಿನ ಕಡೆಯ ಒಂದು ಕೆರೆ ಹಿಡಿದನಂತೆ. ಇದ್ದ ಒಂದು ಲಾರಿ, ಇದ್ದ ಕೂಲಿಯವರು, ಎಲ್ಲ ಅಲ್ಲಿಗೆ ಹೋಯಿತು.

ಹರಾಜು ಮುಂದಕ್ಕೆ ಹೋಯಿತೆಂದು ಶೇಕ್ದಾರರು ಹೇಳಿದ್ದೇ ತಡ, ನಾನು ಕೋಡಿಗೆ ಓಡಿದೆ. ಮೀನತ್ತೆಗೆ ಒಂದೇ ಉಸಿರಿಗೆ ಹೇಳಿದೆ. ಅವನು ಹೋದದ್ದಕ್ಕೆ ಅವಳು ಆಶ್ಚರ್ಯಪಡಲಿಲ್ಲ, ಹೋಗುತ್ತಾನೆಂದು ಗೊತ್ತಿದ್ದವಳ ಹಾಗೆ ತಲೆಯಾಡಿಸಿದಳು. ಕೆಣಕಲಿಲ್ಲವಾ ಅಂದಳು. ಕೆಣಕಿದ ಅಂದೆ. ನೀನೇನಂದೆ ಅಂದಳು. ಏನೂ ಅನ್ನಲಿಲ್ಲ ಅಂದೆ. ಅವಳು ಮೊಣಕೈ ಊರಿ ಎದ್ದು ಕೂತು ಮೈದುನನನ್ನು ಕೂಗಿದಳು.

"ಬಾ ಇಲ್ಲಿ. ಇವ್ನು ಸುಮ್ಕಿದ್ನಂತೆ, ದಿಟವಾ?"

ಮೈದುನ ಗಂಗಮ್ಮನ ಆಣೆ ಹಾಕಿ ಹೇಳಿದರೂ ಅರ್ಧ ನಂಬಿದಳು, ಅರ್ಧ ನಂಬಲಿಲ್ಲ. ಆಮೇಲೆ ನಗತೊಡಗಿದಳು. ಊದಿದ ಕಾಲು ನೋಯುತ್ತಿದ್ದರೂ ಹಿಡಿದುಕೊಂಡು ನಕ್ಕಳು. ಬೇರೆ ಯಾರು ಸುಮ್ಮನಿದ್ದರೂ ಅವನು ನಂಬುತ್ತಿರಲಿಲ್ಲ, ನಿನ್ನ ಬಾಯಿ ಮುಚ್ಚಿದರೆ ಮಾತ್ರ ಕೆರೆ ಬರಿದಾಗಿದೆ ಅಂತ ನಂಬುತ್ತಾನೆ ಅಂತ ಆಗ ಬಿಡಿಸಿ ಹೇಳಿದಳು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ. ಐದನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಕೆರೆಯ ಹಿಂದಿನ ಅವರ ಜಾಗದಲ್ಲಿ ಮಣ್ಣು ಮಾಡಿದರು. ನಮ್ಮಪ್ಪನೂ ಬಂದು ಒಂದು ಹಿಡಿ ಮಣ್ಣು ಹಾಕಿದರು.

ಎಂಟನೆಯ ದಿನ ಮತ್ತೆ ಹರಾಜು. ಮೊತ್ತ ಇಳಿದಿತ್ತು. ಪಟೇಲರ ಮಗ ಬಂದಿರಲಿಲ್ಲ, ಅವನ ಆಳೂ ಬಂದಿರಲಿಲ್ಲ. ಮೀನತ್ತೆಯ ಮೈದುನ ಒಂದು ಸಲ ಕೂಗಿದರೆ ಸಾಕಾಗಿತ್ತು. ತಳವಾರ ಮೊತ್ತ ಹೇಳಿದ. ಮೈದುನ ಎದ್ದು ನಿಂತ. ಪ್ರತಿ ವರ್ಷದ ಹಾಗೆ ಅವಳು ಕೂರುತ್ತಿದ್ದ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಬಾಯಿ ತೆರೆದ, ದನಿ ಹೊರಡಲಿಲ್ಲ, ಹಾಗೇ ಕುಕ್ಕರಿಸಿ ಕೂತುಬಿಟ್ಟ. ಹನ್ನೆರಡು ಮನೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಶೇಕ್ದಾರರು ಕಾಗದ ಮಡಚತೊಡಗಿದರು. ಮತ್ತೆ ಎಂಟು ದಿನ ಹೋದರೆ ಲಾರಿ ಕಿರುಗಾವಲಿನಿಂದ ವಾಪಸು ಬರುತ್ತದೆ ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತು.

ನಾನು ಎದ್ದು ಕೂಗಿದೆ.

ಇಡೀ ಏರಿಗೆ ಕೇಳಿಸುವ ಹಾಗೆ, ಸರ್ಕಾರ ಹೇಳಿದ ಮೊತ್ತಕ್ಕೆ ಸರಿಯಾಗಿ, ಒಂದೇ ಸಲ. ತಳವಾರ ಮೂರು ಸಲ ಎಣಿಸಿದ. ಎದುರು ಕೂಗುವವರಿರಲಿಲ್ಲ. ಶೇಕ್ದಾರರು ಯಾರ ಹೆಸರಿಗೆ ಬರೆಯಲಿ ಅಂದರು. ಅವಳ ಹೆಸರು ನಾಲಿಗೆಯವರೆಗೆ ಬಂತು. ತಡೆದುಕೊಂಡು, ಆ ಹನ್ನೆರಡು ಮನೆಯವರಿಗೆ ಅಂದೆ. ಅವರು ಬರೆದುಕೊಂಡರು. ಮೈದುನ ಮುಖ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದ. ಆವತ್ತೇ ಮಧ್ಯಾಹ್ನ ಅವರು ಬಲೆ ಹೊತ್ತು ನೀರಿಗಿಳಿದರು. ನಾನು ಏರಿಯ ಮೇಲೆ ಕೂತು, ಯಾರು ನೋಡುತ್ತಾರೆ ಅನ್ನುವುದನ್ನೂ ಮರೆತು, ಗಟ್ಟಿಯಾಗಿ ಅತ್ತುಬಿಟ್ಟೆ.